ತಾಟಿನ ಮೇಲೆ ಅಡ್ಡ ಹಿಡಿದ ಕೈ

ನಮ್ಮ ಕಡೆ ಊಟಕ್ಕೆ ಕೂತವರು ಬೇಡ ಅಂದರೆ ಅದು ಬೇಡ ಅಂತ ಅಲ್ಲ. ಇದು ಗೊತ್ತಿಲ್ಲದೆ ಬಂದ ಪರ ಊರಿನ ನೆಂಟರು ಹೊಟ್ಟೆ ಕೆಡಿಸಿಕೊಂಡು ವಾಪಸು ಹೋಗಿದ್ದಾರೆ. ಮೊದಲು ಬೇಡ ಎನ್ನುವುದು ಮರ್ಯಾದೆ. ಮತ್ತೆ ಬೇಡ ಎನ್ನುವುದು ಸಂಕೋಚ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಆಗ ಬಡಿಸುವವರಿಗೆ ನಿಜವಾದ ಹುರುಪು ಬರುತ್ತದೆ. ಬೆರಳಿನ ಸಂದಿಯಿಂದ ಸಾರು ಇಳಿಸುವ ಹೆಂಗಸರನ್ನು ನಾನು ನೋಡಿದ್ದೇನೆ. ಬಿಸಿ ತಾಗಿ ಕೈ ತೆಗೆದರೆ ಬಡಿಸಿದವರು ಗೆದ್ದ ಹಾಗೆ. ತಿಕೋಟಾದಿಂದ ಬಬಲೇಶ್ವರದ ತನಕ ಯಾರ ಮನೆಗೆ ಹೋದರೂ ಇದೇ ಪದ್ಧತಿ. ಬೇರೆ ಎಲ್ಲದರಲ್ಲೂ ಬೇರೆ ಬೇರೆಯಾಗಿರುವ ನಮ್ಮ ಜನ ಇದರಲ್ಲಿ ಮಾತ್ರ ಒಂದೇ.

ಇಂಥ ಸೀಮೆಯಲ್ಲಿ, ಬೇಡ ಎಂದರೆ ಬೇಡವೇ ಎನ್ನುವ ಹುಡುಗಿ ಹುಟ್ಟಿದರೆ ಏನಾಗುತ್ತದೆ? ನಮ್ಮ ಮನೆಯಲ್ಲಿ ಅಂಥವಳು ಎರಡು ಸಲ ಹುಟ್ಟಿದಳು. ಮೊದಲು ನಾನು, ಆಮೇಲೆ ನನ್ನ ಮಗಳು. ಮಕ್ಕಳ ಊಟದ ಬಗ್ಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಉಣ್ಣದ ಮಕ್ಕಳ ಕಡೆಯಿಂದ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದ್ದರಿಂದ ನಾನೇ ಮಾತಾಡುತ್ತೇನೆ.

ನನ್ನ ತವರು ತಿಕೋಟಾ. ಅಬ್ಬಾ ಮನೂಕದ ವ್ಯಾಪಾರಿ. ಕಳ್ಳಕವಟಗಿ, ಘೋಣಸಗಿ ಕಡೆಯ ತೋಟಗಳಿಂದ ಒಣದ್ರಾಕ್ಷಿ ಎತ್ತಿ ವಿಜಯಪುರದ ಪೇಟೆಗೆ ಹಾಕುವುದು ಅವರ ಕೆಲಸ. ಅಮ್ಮಿ ಮನೆ ನೋಡಿಕೊಂಡವಳು, ಅಂದರೆ ಒಲೆ ನೋಡಿಕೊಂಡವಳು. ಮನೆಯಲ್ಲಿ ನಮ್ಮದು ಅರ್ಧ ಉರ್ದು, ಅರ್ಧ ಕನ್ನಡ. ಲಾಡ ಮಾಡುವಾಗ ಉರ್ದು, ಬೈಯುವಾಗ ಕನ್ನಡ. ನನ್ನ ಊಟದ ಇತಿಹಾಸವೆಲ್ಲ ಕನ್ನಡದಲ್ಲೇ ನಡೆದದ್ದು. ಬರೆಯುವುದಕ್ಕೂ ಅದೇ ಸುಲಭ.

ನಾನು ಮಾಂಸ ತಿನ್ನುತ್ತಿರಲಿಲ್ಲ. ಈಗಲೂ ತಿನ್ನುವುದಿಲ್ಲ. ಕಾರಣ ಕೇಳುವವರಿಗೆ ನನ್ನ ಉತ್ತರ ಒಂದೇ: ಹಲ್ಲಿಗೆ ಸಿಕ್ಕ ಕೂಡಲೇ ಗಂಟಲು ಮುಚ್ಚಿಕೊಳ್ಳುತ್ತದೆ. ಕುರಿಯನ್ನು ಕಂಡು ಕನಿಕರ ಹುಟ್ಟಿದ್ದಲ್ಲ. ನಿಜ ಹೇಳಬೇಕೆಂದರೆ ಕುರಿ ಕಂಡರೆ ನನಗೆ ಆಗುವುದೇ ಇಲ್ಲ. ನಮ್ಮ ಬಾಗಿಲಲ್ಲಿ ಕಟ್ಟಿದ್ದ ಟಗರೊಂದು ಹಬ್ಬದ ಹೊಸ ಫ್ರಾಕಿನ ಸಮೇತ ನನ್ನನ್ನು ಚರಂಡಿಗೆ ಕೆಡವಿತ್ತು. ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೂ ಅದನ್ನು ತಿನ್ನಲು ಆಗಲಿಲ್ಲ.

ಉಣ್ಣದ ಮಗುವಿಗೆ ಈಗ ಇಂಗ್ಲಿಷಿನಲ್ಲಿ ಒಂದು ಹೆಸರು ಬಂದಿದೆ. ಆಗ ಅದನ್ನು ದೃಷ್ಟಿ ಎಂದರು. ಅಮ್ಮಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ನನ್ನ ಮುಖದ ಸುತ್ತ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜಬರ್ದಸ್ತ್ ಇದೆ ಎಂದು ಅರ್ಥ. ಸುದ್ದಿ ಕೇಳಿ ಪಕ್ಕದ ಲಿಂಗಾಯತರ ಮನೆಯ ಆಯಿ ಕಸಬರಿಗೆಯ ಕಡ್ಡಿಗೆ ಬೆಂಕಿ ಹಚ್ಚಿಕೊಂಡು ಬಂದು ತಾನೂ ಒಂದು ಸಲ ಇಳಿ ತೆಗೆದಳು. ದರ್ಗಾದಿಂದ ತಾಯತ ಬಂತು, ಆಯಿಯ ಮನೆಯಿಂದ ವಿಭೂತಿ ಬಂತು. ಕೊರಳಲ್ಲಿ ಅದು, ಹಣೆಯಲ್ಲಿ ಇದು. ಎರಡೂ ಹಾಕಿಕೊಂಡು ನಾನು ಮೊಸರು ರೊಟ್ಟಿ ತಿಂದೆ.

ದೃಷ್ಟಿ ತೆಗೆದರೂ ಬಗ್ಗಲಿಲ್ಲವೆಂದ ಮೇಲೆ ಅದು ಜಂತು ಆಯಿತು. ಬೇವಿನ ಎಲೆ ಅರೆದು ರಸ ಕುಡಿಸಿದರು. ಮಾಂಸ ತಿನ್ನದ ಬಾಯಿಗೆ ಬೇವು ಕುಡಿಸಿದರೆ ರುಚಿ ಹುಟ್ಟುತ್ತದೆ ಎಂದು ಯಾರು ಕಂಡುಹಿಡಿದರೋ, ಅವರಿಗೆ ಒಂದು ಲೋಟ ಕುಡಿಸಬೇಕು. ಅದೂ ನಾಟಲಿಲ್ಲ ಅಂದಾಗ ಹಟ ಎಂಬ ಹೆಸರು ಬಂತು. ಹಟಕ್ಕೆ ಔಷಧಿ ಉಪವಾಸ. ಹಸಿವಾದರೆ ತಾನೇ ತಿನ್ನುತ್ತಾಳೆ ಎಂದು ಬೇರೇನೂ ಕೊಡದೆ ಬಿಟ್ಟರು. ಸಂಜೆಗೆ ಆಯಿ ಹಿತ್ತಲ ಗೋಡೆಯ ಮೇಲಿಂದ ಒಂದು ರೊಟ್ಟಿಯಲ್ಲಿ ಬೆಲ್ಲ ಸುತ್ತಿ ಇಳಿಸಿದಳು. ಆ ರೊಟ್ಟಿಯ ರುಚಿಯನ್ನು ನಾನು ಇನ್ನೊಮ್ಮೆ ಎಲ್ಲಿಯೂ ಕಂಡಿಲ್ಲ. ಕೊನೆಗೆ ಎಲ್ಲರೂ ಸೇರಿ ಇದು ಲಾಡದ ಫಲ ಎಂದು ತೀರ್ಮಾನಿಸಿ ಅಮ್ಮಿಯನ್ನು ಬೈದರು. ಮಗು ಉಣ್ಣದಿದ್ದರೆ ಯಾವ ಕಾಲದಲ್ಲೂ ಕೊನೆಗೆ ಬೈಸಿಕೊಳ್ಳುವವಳು ತಾಯಿ. ಅದು ಇಂದಿಗೂ ಬದಲಾಗಿಲ್ಲ.

ಹೀಗೆ ಬೈಸಿಕೊಂಡ ಅಮ್ಮಿ ಒಂದು ಉಪಾಯ ಮಾಡಿದಳು. ಕುರಿಯ ಲಿವರನ್ನು ಗರಿಯಾಗುವ ಹಾಗೆ ಹುರಿದು, ಕುಟ್ಟಿ, ನಾನು ದಿನಾ ತಿನ್ನುತ್ತಿದ್ದ ಶೇಂಗಾ ಚಟ್ನಿಯಲ್ಲಿ ಬೆರೆಸಿದಳು. ಎರಡನೆಯ ತುತ್ತಿಗೇ ನನಗೆ ಗೊತ್ತಾಯಿತು. ಆಮೇಲೆ ನಾನು ಶೇಂಗಾ ಚಟ್ನಿಯನ್ನೂ ಬಿಟ್ಟೆ. ಮೋಸದಿಂದ ಒಂದನ್ನು ತಿನ್ನಿಸಲು ಹೋದರೆ ಮಗು ಎರಡನ್ನು ಬಿಡುತ್ತದೆ. ಇದನ್ನು ನಮ್ಮ ಹಿರಿಯರಿಗೆ ಯಾರಾದರೂ ಹೇಳಿಕೊಡಬೇಕಿತ್ತು.

ಬೈದವರ ಕಥೆ ಇದಾದರೆ ಹೊಗಳಿದವರ ಕಥೆ ಇನ್ನೂ ಕೆಟ್ಟದ್ದು. ಸಾಲೆಯಲ್ಲಿ ನಮ್ಮ ಮಾಸ್ತರರೊಬ್ಬರಿಗೆ ನಾನು ಮಾಂಸ ತಿನ್ನುವುದಿಲ್ಲವೆಂದು ಹೇಗೋ ತಿಳಿಯಿತು. ಇಡೀ ವರ್ಗದ ಮುಂದೆ ನನ್ನನ್ನು ನಿಲ್ಲಿಸಿ ಬೆನ್ನು ತಟ್ಟಿದರು. "ನೋಡ್ರಿ, ಆ ಮನ್ಯಾಗ ಹುಟ್ಟಿನೂ ಎಷ್ಟ ಶಾಣ್ಯಾ ಅದಾಳ" ಎಂದರು. ಆ ಮನ್ಯಾಗ ಅಂದರೆ ಯಾವ ಮನೆ ಎಂದು ಅಲ್ಲಿದ್ದ ಎಲ್ಲ ಮಕ್ಕಳಿಗೂ ಗೊತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಬದನೆಕಾಯಿ ಬಿಟ್ಟ ಹುಡುಗರು ನಮ್ಮ ವರ್ಗದಲ್ಲೇ ಇದ್ದರು, ಅವರನ್ನು ಯಾರೂ ನಿಲ್ಲಿಸಿ ಶಾಣ್ಯಾ ಎನ್ನಲಿಲ್ಲ. ನನ್ನ ಗಂಟಲಿನ ತಂಟೆಯನ್ನು ಅವರು ನಮ್ಮ ಮನೆಯ ಮೇಲೆ ಎಸೆಯುವ ಕಲ್ಲು ಮಾಡಿಕೊಂಡಿದ್ದರು.

ಅವತ್ತು ಮನೆಗೆ ಬಂದವಳೇ ಪಾಟೀಚೀಲ ಬಿಸಾಡಿ, ನನಗೆ ಮಟನ್ ಬಡಿಸು ಎಂದು ಅಮ್ಮಿಗೆ ಹೇಳಿದೆ. ಅಮ್ಮಿಯ ಕಣ್ಣಲ್ಲಿ ನೀರು ಬಂತು. ದರ್ಗಾದ ತಾಯತ ಫಲಿಸಿತು ಎಂದುಕೊಂಡಳೋ ಏನೋ. ಅಬ್ಬಾನನ್ನೂ ಕರೆದಳು. ನಾನು ಮಾಸ್ತರರ ಮುಖ ನೆನೆಸಿಕೊಂಡು ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿ ಅಗಿದೆ. ಹಟದಿಂದ ತಿನ್ನಬಹುದಾಗಿದ್ದರೆ ಅವತ್ತು ತಿಂದುಬಿಡುತ್ತಿದ್ದೆ. ಅಂಗಳದ ತನಕ ಓಡಲೂ ಆಗಲಿಲ್ಲ, ಹೊಸ್ತಿಲ ಮೇಲೇ ಕಕ್ಕಿದೆ. ಅವತ್ತು ನನಗೆ ಒಂದು ವಿಷಯ ಖಚಿತವಾಯಿತು. ನನ್ನ ನಾಲಿಗೆ ಬೈದವರ ಮಾತನ್ನೂ ಕೇಳುವುದಿಲ್ಲ, ಹೊಗಳಿದವರ ಮಾತನ್ನೂ ಕೇಳುವುದಿಲ್ಲ, ನನ್ನ ಮಾತನ್ನೂ ಕೇಳುವುದಿಲ್ಲ. ಅಂದಿನಿಂದ ಅದರ ಮೇಲೆ ನನಗೆ ಗೌರವ ಬಂದಿದೆ.

ನಮ್ಮ ಮನೆಯಲ್ಲಿ ನಿಜವಾಗಿ ಊಟದ ತಕರಾರು ಇದ್ದದ್ದು ಅಬ್ಬಾಗೆ. ಅವರು ಆರಿದ ರೊಟ್ಟಿ ಮುಟ್ಟುವುದಿಲ್ಲ. ಒಲೆಯಿಂದ ಇಳಿದ ರೊಟ್ಟಿ ತಾಟಿಗೆ ಬರುವಷ್ಟರಲ್ಲಿ ಉಬ್ಬು ಇಳಿದಿದ್ದರೆ ಇನ್ನೊಂದು ಬರಬೇಕು. ಬೆಳಗಿನ ಪಲ್ಯ ಸಂಜೆಗೆ ಆಗದು, ಮೆಂತ್ಯೆ ಕಹಿ, ಹೆಸರುಬೇಳೆ ರೋಗಿಗಳ ಊಟ. ಇದನ್ನೆಲ್ಲ ಊರವರು ಹೊಗಳಿಕೆಯಂತೆ ಹೇಳುತ್ತಿದ್ದರು. ಅವರ ನಾಲಿಗೆ ಬಲು ಸೂಕ್ಷ್ಮವಂತೆ. ಅದೇ ನಾಲಿಗೆ ಫ್ರಾಕು ಹಾಕಿಕೊಂಡಿದ್ದರೆ ಅದು ಹಟ. ಮೀಸೆ ಇದ್ದ ತಕರಾರಿಗೆ ರುಚಿ ಎಂದು ಹೆಸರು, ಜಡೆ ಇದ್ದದ್ದಕ್ಕೆ ಬೇವಿನ ರಸ. ಇತಿಹಾಸ ಬರೆಯುವವರು ಇದನ್ನು ಮೊದಲು ಬರೆಯಲಿ.

ಅಮ್ಮಿಗೆ ಮಾತ್ರ ಯಾವ ತಕರಾರೂ ಇರಲಿಲ್ಲ, ಅಥವಾ ಹಾಗೆಂದು ನಾವೆಲ್ಲ ತಿಳಿದಿದ್ದೆವು. ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ತಿನ್ನುತ್ತಿದ್ದಳು. ನಮ್ಮ ಮನೆಯ ಎಣ್ಣೆಗಾಯಿ, ಅಂದರೆ ಶೇಂಗಾ ಪುಡಿ, ಮಸಾಲೆ ತುಂಬಿ ಎಣ್ಣೆಯಲ್ಲಿ ಬೇಯಿಸಿದ ಎಳೆ ಬದನೆಕಾಯಿ, ಓಣಿಗೇ ಹೆಸರಾಗಿತ್ತು. ಬದನೆಕಾಯನ್ನೆಲ್ಲ ನಮಗೇ ಬಡಿಸಿ ಅವಳು ಪಾತ್ರೆಯ ತಳದ ಮಸಾಲೆಯಲ್ಲಿ ರೊಟ್ಟಿ ಒರೆಸಿ ತಿನ್ನುವುದನ್ನು ಕಂಡವರು ತಾಯಿ ಎಂದರೆ ಇವಳು ಎನ್ನುತ್ತಿದ್ದರು. ನಾನೂ ಎಂದಿದ್ದೇನೆ.

ಈಗ ನಾನಿರುವುದು ವಿಜಯಪುರದಲ್ಲಿ. ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಉಣ್ಣದ ಮಕ್ಕಳ ಇತಿಹಾಸದ ಹೊಸ ಅಧ್ಯಾಯ ನಮ್ಮ ಅಂಗಡಿಯ ಕಟ್ಟೆಯ ಮೇಲೆಯೇ ನಡೆಯುತ್ತದೆ. ತಾಯಂದಿರು ಬರುತ್ತಾರೆ, ಹಸಿವಿನ ಟಾನಿಕ್ ಕೊಡ್ರಿ ಎನ್ನುತ್ತಾರೆ. ಡಬ್ಬಿಯ ಪುಡಿ ಕೇಳುತ್ತಾರೆ. ಹಿಂದೆ ಅತ್ತೆ ಬೈಯುತ್ತಿದ್ದಳು, ಈಗ ಅತ್ತೆಯ ಜೊತೆಗೆ ಟಿವಿಯ ಜಾಹೀರಾತೂ ಬೈಯುತ್ತದೆ. ಮಗು ಕಂಕುಳಲ್ಲಿ ನಗುತ್ತಾ ಮೊಬೈಲು ನೋಡುತ್ತಿರುತ್ತದೆ. ನಮ್ಮ ಕಾಲದಲ್ಲಿ ಚಂದ್ರನನ್ನು ತೋರಿಸಿ ಬಾಯಿ ತೆಗೆಸಿ ತುತ್ತು ತುರುಕುತ್ತಿದ್ದರು, ಈಗಿನದು ಕೈಯಲ್ಲಿ ಹಿಡಿಯುವ ಚಂದ್ರ, ಅಷ್ಟೇ. ಡಾಕ್ಟರಿಗೆ ತೋರಿಸಿದ್ದೀರಾ, ತೂಕ ಸರಿ ಇದೆಯಾ, ಆಡುತ್ತದಾ ಎಂದು ಕೇಳುತ್ತೇನೆ. ಎಲ್ಲದಕ್ಕೂ ಹೌದು ಎಂದರೆ, ಹಾಗಾದರೆ ಟಾನಿಕ್ ಯಾರಿಗೆ ಎನ್ನುತ್ತೇನೆ. ಅಂಗಡಿಯ ಮಾಲಕರಿಗೆ ನನ್ನ ಈ ಮಾತು ಸೇರುವುದಿಲ್ಲ. ಇರಲಿ, ಅವರಿಗೂ ಸೇರದ್ದು ಏನಾದರೂ ಇರಬೇಕಲ್ಲ.

ನನ್ನ ಮಗಳು ಎರಡನೆಯ ಇಯತ್ತೆ. ಅವಳ ತಕರಾರು ನನ್ನದಲ್ಲ, ಅವಳದೇ. ಅವಳಿಗೆ ಒಂದು ಇನ್ನೊಂದಕ್ಕೆ ತಾಗಬಾರದು. ರೊಟ್ಟಿ ಬೇರೆ, ಬೇಳೆ ಬೇರೆ ಬಟ್ಟಲಲ್ಲಿ, ಮೊಸರು ಇನ್ನೊಂದರಲ್ಲಿ. ಅನ್ನದ ಮೇಲೆ ಸಾರು ಬಿದ್ದರೆ ಅದು ಅವಳ ಲೆಕ್ಕದಲ್ಲಿ ಕೆಟ್ಟುಹೋದ ಅನ್ನ. ಬಿರಿಯಾನಿ ಎಂದರೆ ಅವಳಿಗೆ ಒಂದು ಅಪಘಾತ. ಡಾಕ್ಟರು ಅಳೆದು, ತೂಗಿ, ಚೆನ್ನಾಗಿ ಬೆಳೆಯುತ್ತಿದ್ದಾಳೆ, ಬಿಡ್ರಿ ಎಂದಿದ್ದಾರೆ. ಸಾಲೆಯವರು ಬಿಡಲಿಲ್ಲ. ಅಲ್ಲಿ ಯಾವ ವಾರ ಊಟದ ಡಬ್ಬಿಯಲ್ಲಿ ಏನು ತರಬೇಕೆಂದು ನಿಯಮ ಉಂಟು. ಪಾಲಕರ ಸಭೆಯಲ್ಲಿ ಟೀಚರಮ್ಮ ನನ್ನ ಮಗಳನ್ನು ಫಸ್ಸಿ ಈಟರ್ ಎಂದು ಕರೆದು, ಮನೆಯಲ್ಲಿ ಶಿಸ್ತು ಕಲಿಸಿರಿ ಎಂದರು. ಅವಳ ಡಬ್ಬಿಯಲ್ಲಿ ಏನಿರಬೇಕೆಂದು ಅವಳ ಹೊಟ್ಟೆ ಹೇಳುತ್ತದೆ, ನಿಮ್ಮ ಗೋಡೆಗೆ ಹಚ್ಚಿದ ಕಾಗದ ಅಲ್ಲ ಎಂದು ನಾನೂ ಹೇಳಿ ಬಂದೆ. ಬರುವ ದಾರಿಯಲ್ಲಿ ಮಗಳಿಗೆ ಒಂದು ಮಾತು ಕೊಟ್ಟೆ: ನಿನ್ನ ಬಾಯೊಳಗೆ ನಿನಗೆ ಗೊತ್ತಿಲ್ಲದೆ ಯಾರೂ ಏನೂ ಹಾಕುವುದಿಲ್ಲ.

ಆ ಮಾತು ಮುರಿದದ್ದು ನನ್ನ ತವರಿನಲ್ಲೇ.

ಬೇಸಿಗೆಯ ರಜೆಗೆ ಅವಳನ್ನು ತಿಕೋಟಾದಲ್ಲಿ ಬಿಟ್ಟು ಬಂದಿದ್ದೆ. ಅವಳಿಗೆ ನಾನಿ, ಅಂದರೆ ನನ್ನ ಅಮ್ಮಿ, ಪ್ರಾಣ. ನಾನಿಯ ಸೆರಗು ಹಿಡಿದುಕೊಂಡೇ ಓಡಾಡುತ್ತಾಳೆ, ನಾನಿಯ ಪಕ್ಕದಲ್ಲೇ ಮಲಗುತ್ತಾಳೆ. ಅದೇ ವಾರ ನನ್ನ ಫೂಫಿ, ಅಬ್ಬಾನ ಅಕ್ಕ, ನಿಡೋಣಿಯಿಂದ ಅಲ್ಲಿಗೆ ಬಂದಳು. ಫೂಫಿ ಹೊಲ ಮನೆ ಎರಡನ್ನೂ ಒಂದೇ ದನಿಯಲ್ಲಿ ಆಳುವ ಹೆಂಗಸು, ಒತ್ತಾಯ ಮಾಡಿ ಬಡಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಹುಡುಗಿಯ ತೋಳು ಹಿಡಿದು ನೋಡಿ, ಇದೇನು ಎಲುಬಿನ ಹಂದರ, ಊರವರು ಏನಂದಾರು, ಬೇಳೆಯಲ್ಲಿ ಮಟನ್ನಿನ ರಸ ಬೆರೆಸಿ ಕೊಡು, ಅದಕ್ಕೇನು ತಿಳಿಯುತ್ತದೆ ಎಂದು ಅಮ್ಮಿಗೆ ಹೇಳಿ ಹೋದಳು. ಅಮ್ಮಿ ಹಾಗೇ ಮಾಡಿದಳು. ಮಗಳ ಮೇಲೆ ನಡೆಯದ ಉಪಾಯ ಮೊಮ್ಮಗಳ ಮೇಲೆ ನಡೆಯುತ್ತದೆ ಎಂದು ಯಾಕೆ ಅನ್ನಿಸಿತೋ.

ಹುಡುಗಿ ಒಂದು ಚಮಚ ಬಾಯಿಗಿಟ್ಟು ಚಮಚ ಕೆಳಗಿಟ್ಟಳಂತೆ. ಅಳಲಿಲ್ಲವಂತೆ. ಇದರಾಗ ಏನ ಹಾಕಿ ಎಂದು ನಾನಿಯನ್ನು ಕೇಳಿದಳಂತೆ. ಏನೂ ಹಾಕಿಲ್ಲ, ದಿನದ ಬೇಳೆನೇ ಎಂದು ಅಮ್ಮಿ ಹೇಳಿದಳು. ಇಲ್ಲಿ ಕೆಟ್ಟಿತು. ರಸ ಹಾಕಿದ್ದನ್ನು ಹುಡುಗಿ ಕ್ಷಮಿಸುತ್ತಿದ್ದಳೋ ಏನೋ, ಸುಳ್ಳನ್ನು ಕ್ಷಮಿಸಲಿಲ್ಲ.

ಭಾನುವಾರ ನಾನು ಹೋದಾಗ ಪಡಸಾಲೆಯ ಮೂಲೆಯಲ್ಲಿ ಸಿಪ್ಪೆಯ ಗುಡ್ಡೆ ಬಿದ್ದಿತ್ತು. ಶೇಂಗಾ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಬೇಯಿಸಿದ ತತ್ತಿಯ ಚಿಪ್ಪು, ದಾಳಿಂಬೆಯ ಸಿಪ್ಪೆ. ನಡುವೆ ನನ್ನ ಮಗಳು ಕೂತು ಶೇಂಗಾ ಒಡೆಯುತ್ತಿದ್ದಳು. ಬೇಳೆಯ ಘಟನೆಯಾದಾಗಿನಿಂದ ಅವಳು ತಿನ್ನುತ್ತಿದ್ದದ್ದು ಸಿಪ್ಪೆ ಇದ್ದದ್ದನ್ನು ಮಾತ್ರ, ಅದೂ ತನ್ನ ಕೈಯಿಂದಲೇ ಬಿಚ್ಚಿ. ಸಿಪ್ಪೆಯೊಳಗೆ ಯಾರೂ ಏನೂ ಬೆರೆಸಲು ಆಗುವುದಿಲ್ಲವಲ್ಲ. ಯಾರೂ ಹೇಳಿಕೊಡದೆ ಅವಳೇ ಕಂಡುಕೊಂಡ ದಾರಿ ಅದು. ನನಗೆ ಸಂಕಟವಾಯಿತು, ಮತ್ತು ಸುಳ್ಳೇಕೆ, ಹೆಮ್ಮೆಯೂ ಆಯಿತು.

ಅಡುಗೆಮನೆಗೆ ಹೋಗಿ ಅಮ್ಮಿಯ ಮೇಲೆ ಹರಿಹಾಯ್ದೆ. ನನಗೆ ಮಾಡಿದ್ದು ಸಾಲಲಿಲ್ಲವಾ, ಇವಳಿಗೂ ಮಾಡಿದೆಯಾ, ಇವತ್ತೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅಮ್ಮಿ ಜಗಳಕ್ಕೆ ಬರಲಿಲ್ಲ. ಹಿಟ್ಟು ನಾದುತ್ತಿದ್ದ ಕೈ ಹಾಗೇ ನಿಂತಿತು.

"ನನ್ನ ಕೈಯಾಂದ ರೊಟ್ಟಿನೂ ಒಲ್ಲಿ ಅನ್ನಾಕತ್ತಾಳ ಬೇ" ಎಂದಳು. "ಬಗಲಾಗ ಮಲಗತಾಳ, ಕೈಯಾಂದ ತಿನ್ನಂಗಿಲ್ಲ. ನಾ ಏನ ವಿಷ ಹಾಕೇನೇನು?"

ನನ್ನ ಸಿಟ್ಟು ಇಳಿಯಲಿಲ್ಲ. ಆದರೆ ಅಮ್ಮಿಯ ಮುಖ ನೋಡಿ ಕರೆದುಕೊಂಡು ಹೋಗುವ ಮಾತನ್ನು ಅಲ್ಲಿಗೇ ಬಿಟ್ಟೆ. ಜೀವನವೆಲ್ಲ ಊರಿಗೆ ಉಣ್ಣಿಸಿದ ಕೈ ಅದು. ಆ ಕೈಯನ್ನು ಒಂದು ಮಗು ನಂಬುತ್ತಿಲ್ಲ. ಹುಡುಗಿಗೂ ಹೋಗುವ ಮನಸ್ಸಿರಲಿಲ್ಲ. ನಾನಿ ಬೇಕು, ನಾನಿಯ ಊಟ ಬೇಡ. ನಾನು ಅವಳನ್ನು ಮಾತಾಡಿ ಒಪ್ಪಿಸಲು ಹೋಗಲಿಲ್ಲ. ಅವಳ ಕಡೆ ನ್ಯಾಯವಿತ್ತು. ರಜೆ ಹಾಕಿ ನಾನೂ ಅಲ್ಲೇ ಉಳಿದೆ, ಏಕೆಂದರೆ ಬುಧವಾರ ನಿಡೋಣಿಯಲ್ಲಿ ಫೂಫಿಯ ಮೊಮ್ಮಗನ ಅಕೀಕಾ ಇತ್ತು. ಹುಟ್ಟಿದ ಕೂಸಿನ ಕೂದಲು ತೆಗೆಸಿ ನೆಂಟರಿಗೆ, ಊರವರಿಗೆ ಊಟ ಹಾಕುವ ಸಮಾರಂಭ ಅದು. ತಪ್ಪಿಸಿದರೆ ಫೂಫಿ ಬಿಡುವವಳಲ್ಲ.

ಅಕೀಕಾದ ಹಿಂದಿನ ದಿನ ಇಳಿಹೊತ್ತಿನಲ್ಲಿ ಅಮ್ಮಿ ಕಟ್ಟೆಯ ಮೇಲೆ ಕೂತು ನನ್ನ ಮಗಳ ಎದುರು ಶೇಂಗಾದ ಬುಟ್ಟಿ ಇಟ್ಟಳು. ತಾನು ಒಂದನ್ನೂ ಒಡೆಯಲಿಲ್ಲ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ, ನಾನು ಸುಳ್ಳ ಹೇಳಿದೆ, ಬೇಳೆಯಲ್ಲಿ ಮಟನ್ ರಸ ಹಾಕಿದ್ದೆ ಎಂದಳು. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರ ಮುಂದೆ ಹೀಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಒಳಗೆ ಬಟ್ಟೆ ಮಡಚುತ್ತಿದ್ದವಳು ಹಾಗೇ ನಿಂತೆ. ಮಗಳು ಗೊತ್ತು ಎಂದಳು. ಇನ್ನೊಂದೆರಡು ಶೇಂಗಾ ಒಡೆದಳು.

"ನಾನಿ, ನಿನಗ ಏನ ಸೇರಂಗಿಲ್ಲ?" ಎಂದು ಮಗಳು ಕೇಳಿದಳು.

ಅಮ್ಮಿ ನಕ್ಕಳು. ನನಗ ಎಲ್ಲಾ ಸೇರತದ ಎಂದಳು. ಹುಡುಗಿ ತಲೆ ಎತ್ತಿ ನೋಡಿದಳು. ಆ ನೋಟ ನನಗೆ ಗೊತ್ತು. ಇದೂ ಸುಳ್ಳಾ ಎಂದು ಕೇಳುವ ನೋಟ. ಅಮ್ಮಿಯ ನಗು ಮುಗಿಯಿತು. ಓಣಿಯ ಆಚೆ ಈಚೆ ನೋಡಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ ದನಿ ತಗ್ಗಿಸಿದಳು.

"ಬದನಿಕಾಯಿ" ಎಂದಳು. "ಸಣ್ಣಾಕಿದ್ದಾಗಿಂದ ಸೇರಂಗಿಲ್ಲ. ಬಾಯಾಗ ಬಸವನಹುಳ ಇಟ್ಟಂಗ ಆಗತದ."

ನನ್ನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಈ ಜಿಲ್ಲೆಯಲ್ಲಿ ಹುಟ್ಟಿ, ಓಣಿಗೆ ಹೆಸರಾದ ಎಣ್ಣೆಗಾಯಿ ಮಾಡುವ ಹೆಂಗಸಿಗೆ ಬದನೆಕಾಯಿ ಸೇರುವುದಿಲ್ಲ. ಪಾತ್ರೆಯ ತಳದ ಮಸಾಲೆಯಲ್ಲಿ ರೊಟ್ಟಿ ಒರೆಸಿ ತಿಂದದ್ದು ನಮಗಾಗಿ ಅಲ್ಲ. ಅವಳ ತಕರಾರನ್ನು ನಾವೆಲ್ಲ ತ್ಯಾಗ ಎಂದು ಕೊಂಡಾಡಿದ್ದೆವು, ಅವಳು ಆ ಹೊಗಳಿಕೆಯ ಹಿಂದೆ ಆರಾಮಾಗಿ ಬಚ್ಚಿಟ್ಟುಕೊಂಡಿದ್ದಳು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಹೊರಗೆ ಬಂದು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾರ ಕೇಳ್ಯಾರ ಎಂದಳು ಅಮ್ಮಿ. ಅದರಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ.

ನೆಂಟರ ಮನೆಯಲ್ಲಿ ಏನು ಮಾಡುತ್ತಿದ್ದೆ ಎಂದು ಮಗಳು ವಿಚಾರಿಸಿದಳು. ಅಲ್ಲಿ ಒತ್ತಾಯ ಮಾಡಿ ಬಡಿಸುತ್ತಾರೆ, ಅಗಿಯದೆ ನುಂಗಿ ನೀರು ಕುಡಿಯುತ್ತೇನೆ, ಅದರಲ್ಲೂ ನಿಡೋಣಿಯಲ್ಲಿ ಹೊಲದ ಬದನೆಕಾಯಿ, ಫೂಫಿ ತಾಟು ತುಂಬುತ್ತಾಳೆ ಎಂದು ಅಮ್ಮಿ ಹೇಳಿದಳು. ಬೇಡ ಅನ್ನು ಎಂದಳು ಮಗಳು. ಅಂದರೆ ಇನ್ನೊಂದು ಹಾಕುತ್ತಾರೆ ಎಂದು ಅಮ್ಮಿ ನಕ್ಕಳು. ನನ್ನ ಮಗಳು ನಗಲಿಲ್ಲ. ಅವಳಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಬುಧವಾರ ಬಬಲೇಶ್ವರದ ಮೇಲೆ ಹಾಯ್ದು ನಿಡೋಣಿಗೆ ಹೋದೆವು. ಅಬ್ಬಾ ಮುಂದಿನ ಸೀಟಿನಲ್ಲಿ ಕೂತು, ಇಷ್ಟು ಜನಕ್ಕೆ ಮಾಡಿದ ಅಡುಗೆಯಲ್ಲಿ ರೊಟ್ಟಿ ಬಿಸಿ ಇರುವುದಿಲ್ಲ ಎಂದು ಆಗಲೇ ಚಿಂತೆ ಶುರುಮಾಡಿದ್ದರು. ಹಿಂದಿನ ಸೀಟಿನಲ್ಲಿ ನನ್ನ ಮಗಳು ಒಂದು ಚೀಲ ಶೇಂಗಾ ತೊಡೆಯ ಮೇಲೆ ಇಟ್ಟುಕೊಂಡು ನಾನಿಯ ಹೆಗಲಿಗೆ ತಲೆ ಆನಿಸಿದ್ದಳು.

ಫೂಫಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಒಂದು ಕಡೆ ಮಟನ್ನಿನ ಅಡುಗೆ, ಲಿಂಗಾಯತ ಮನೆಗಳವರಿಗಾಗಿ ಇನ್ನೊಂದು ಕಡೆ ರೊಟ್ಟಿ, ಎಣ್ಣೆಗಾಯಿ, ಬೇಳೆ, ಮೊಸರು. ನಾನು ಯಾವಾಗಲೂ ಈ ಎರಡನೆಯ ಕಡೆಯವಳು. ನನ್ನನ್ನು ಅಲ್ಲಿ ಕಂಡು ಸಂತೋಷಪಡುವವರೂ ಇದ್ದಾರೆ, ಮುಖ ಗಂಟಿಕ್ಕುವವರೂ ಇದ್ದಾರೆ. ಇಬ್ಬರಿಗೂ ನಾನು ಸಲಾಮು ಹೇಳಿ ಊಟ ಮಾಡುತ್ತೇನೆ. ಅವತ್ತು ಅಮ್ಮಿಗೂ ನಮ್ಮ ಜೊತೆಯಲ್ಲೇ ಜಾಗ ಮಾಡಿದೆ. ಗಂಡಸರದು ಮುಗಿದು ಹೆಂಗಸರ ಪಂಕ್ತಿ ಕೂತಿತು. ಅಮ್ಮಿಯ ಈ ಕಡೆ ನಾನು, ಆ ಕಡೆ ಮಗಳು. ಮಗಳು ತನಗೆ ತಾಟು ಬೇಡವೆಂದು ಹೇಳಿ, ಶೇಂಗಾ ಒಡೆಯತೊಡಗಿದಳು.

ಫೂಫಿ ಎಣ್ಣೆಗಾಯಿಯ ಪಾತ್ರೆ ಹಿಡಿದು ತಾನೇ ಬಡಿಸುತ್ತ ಬಂದಳು. ಅಮ್ಮಿಯ ಎದುರು ನಿಂತು, ಎಣ್ಣೆ ತೊಟ್ಟಿಕ್ಕುವ ದೊಡ್ಡ ಸೌಟನ್ನು ಎತ್ತಿದಳು. ಅಮ್ಮಿ ಬೇಡ ಎಂದಳು, ಎಲ್ಲರೂ ಅನ್ನುವ ಹಾಗೆ. ಫೂಫಿ ನಕ್ಕಳು, ಎಲ್ಲರೂ ನಗುವ ಹಾಗೆ. ಆಗ ಅಮ್ಮಿಯ ತಾಟಿನ ಮೇಲೆ ಒಂದು ಸಣ್ಣ ಕೈ ಬಂದು ಅಡ್ಡ ನಿಂತಿತು. ಬೆರಳಿಗೆ ಇನ್ನೂ ಶೇಂಗಾದ ಕೆಂಪು ಹೊಟ್ಟು ಅಂಟಿತ್ತು.

"ಹಾಕಬ್ಯಾಡ್ರಿ" ಎಂದಳು ನನ್ನ ಮಗಳು. "ಆಕಿಗಿ ಸೇರಂಗಿಲ್ಲ."

ಪಂಕ್ತಿಯಲ್ಲಿ ಅಲ್ಲಲ್ಲಿ ನಗು ಎದ್ದಿತು. ಫೂಫಿಗೂ ಹುರುಪು ಬಂತು. ಸೌಟನ್ನು ಆ ಕೈಯ ಮೇಲೆ ಇನ್ನಷ್ಟು ಬಗ್ಗಿಸಿದಳು, ತೆಗಿ ಕೂಸ, ಬಿಸಿ ಅದ ಎಂದಳು. ಒಂದು ಹನಿ ಎಣ್ಣೆ ಕೈಯ ಹಿಂಬದಿಗೆ ಬಿತ್ತು. ಹುಡುಗಿಯ ಕಣ್ಣಲ್ಲಿ ನೀರಾಡಿತು, ಕೈ ಅಲುಗಲಿಲ್ಲ. ಆ ವಯಸ್ಸಿನಲ್ಲಿ ಹೀಗೆ ಕೈ ಅಡ್ಡ ಹಿಡಿದದ್ದಕ್ಕೆ ಇದೇ ಅಂಗಳದಲ್ಲಿ ನನಗೆ ಕಪಾಳಕ್ಕೆ ಬಿದ್ದಿತ್ತು. ನಾನು ಏಳಲು ಹೊರಟೆ. ಅಷ್ಟರಲ್ಲಿ ಅಮ್ಮಿ ತನ್ನ ಅಂಗೈಯನ್ನು ಆ ಸಣ್ಣ ಕೈಯ ಮೇಲೆ ಮುಚ್ಚಿದಳು.

"ಖರೇನ ಸೇರಂಗಿಲ್ಲ ನನಗ" ಎಂದಳು. "ಎಂದೂ ಸೇರಿಲ್ಲ."

ಯಾರೂ ನಗಲಿಲ್ಲ. ಫೂಫಿ ಸೌಟು ಹಿಡಿದುಕೊಂಡೇ ಅಮ್ಮಿಯ ಮುಖ ನೋಡಿದಳು. ಇಷ್ಟು ವರ್ಷ ತಾನು ಬಡಿಸಿದ್ದೆಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು. ಸೌಟು ಇಳಿಸಿ ಮುಂದಿನ ತಾಟಿಗೆ ಹೋದಳು. ಅಲ್ಲಿ ಕೂತಿದ್ದ ಹೆಂಗಸನ್ನು, ನಿಮಗ ಹಾಕಲೇನ್ರಿ ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಫೂಫಿ ಕೇಳಿ ಬಡಿಸಿದ್ದನ್ನು ನಾನು ಅಂದೇ ಮೊದಲು ಕಂಡೆ.

ಅಮ್ಮಿ ನನ್ನ ಮಗಳ ಕೈಯನ್ನು ಸೆರಗಿನಿಂದ ಒರೆಸಿದಳು. ತನ್ನ ತಾಟಿನಲ್ಲಿ ಯಾವುದಕ್ಕೂ ತಾಗದೆ ಇದ್ದ ಒಣ ರೊಟ್ಟಿಯಿಂದ ಒಂದು ತುಂಡು ಮುರಿದಳು. ಬಾಯಿಯ ಹತ್ತಿರ ಒಯ್ಯಲಿಲ್ಲ. ಶೇಂಗಾ ಸಿಪ್ಪೆಯ ಪಕ್ಕದಲ್ಲಿ, ಮಗಳ ಮುಂದೆ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡಳು. ತಿನ್ನು ಎಂದೂ ಹೇಳಲಿಲ್ಲ. ನನ್ನ ಮಗಳು ಅದನ್ನು ಎತ್ತಿಕೊಂಡು ಈ ಬದಿ ನೋಡಿದಳು, ತಿರುವಿ ಆ ಬದಿ ನೋಡಿದಳು. ಮೂಸಿ ನೋಡಿದಳು. ಆಮೇಲೆ ತಿಂದಳು.